ಎಂಜಿನ್ನಿನ ಹಿಂದೆ ಬಂದ ಚರಿತ್ರೆ: ಹಾರ್ನ್‌ಬಿ ವ್ಯಾಗನ್ನಿನ ನೂರು ವರ್ಷ

ಮಾದರಿ ರೈಲುಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎಂಜಿನ್ನುಗಳ ಹೆಸರು ಹೇಳುತ್ತ ಹೋಗುತ್ತಾರೆ. ಯಾವ ವರ್ಷ ಯಾವ ಎಂಜಿನ್ ಬಂತು, ಅದಕ್ಕೆ ಎಂಥ ಮೋಟಾರು, ಯಾವ ಬಣ್ಣ ಎಂಬಷ್ಟರಲ್ಲಿ ಲೇಖನ ಮುಗಿದಿರುತ್ತದೆ. ಕ್ಯಾಟಲಾಗಿನ ಮುಖಪುಟವೂ ಎಂಜಿನ್ನಿಗೇ ಮೀಸಲು. ಹಿಂದೆ ಸಾಲಾಗಿ ಬರುವ ಗೂಡ್ಸ್ ವ್ಯಾಗನ್ನುಗಳಿಗೆ ಒಳಪುಟಗಳಲ್ಲಿ ಚಿಕ್ಕ ಚಿತ್ರ, ಒಂದು ಸಾಲಿನ ವಿವರ. ಆದರೆ ಹಳಿ ಹಾಕಿ ರೈಲು ಓಡಿಸುವ ಹವ್ಯಾಸಿಯ ಲೆಕ್ಕ ಬೇರೆ. ಅವನು ಒಂದು ಎಂಜಿನ್ ಕೊಂಡರೆ ಅದರ ಹಿಂದೆ ಇಪ್ಪತ್ತು ವ್ಯಾಗನ್ ಬೇಕು. ಎಂಜಿನ್ನಿನಲ್ಲಿರುವ ತಪ್ಪು ಒಮ್ಮೆ ಕಾಣುತ್ತದೆ. ವ್ಯಾಗನ್ನಿನ ತಪ್ಪು ಇಪ್ಪತ್ತು ಸಲ ಕಣ್ಣಮುಂದೆ ಸಾಗಿಹೋಗುತ್ತದೆ. ಮಾದರಿ ತಯಾರಿಸುವ ಸಂಸ್ಥೆಯೊಂದು ನಿಜಕ್ಕೆ ಎಷ್ಟು ನಿಷ್ಠವಾಗಿದೆ ಎಂದು ತಿಳಿಯಬೇಕಾದರೆ ಅದರ ವ್ಯಾಗನ್ನುಗಳನ್ನು ನೋಡಬೇಕು.

1920ರಲ್ಲಿ ಮೊದಲ ರೈಲನ್ನು ಮಾರಾಟಕ್ಕಿಟ್ಟ ಹಾರ್ನ್‌ಬಿ, ಶತಮಾನ ದಾಟಿ ಇಂದಿಗೂ ರೈಲು ತಯಾರಿಸುತ್ತಿರುವ ಬ್ರಿಟಿಷ್ ಹೆಸರು. ಒಡೆತನ ಹಲವು ಬಾರಿ ಬದಲಾಗಿದೆ, ಊರು ಬದಲಾಗಿದೆ, ತಯಾರಿಕೆ ದೇಶದಾಚೆಗೆ ಹೋಗಿದೆ. ಹವ್ಯಾಸಿಗಳಿಗಾಗಿ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಯಲ್ಲಿ ಆ ಸಂಸ್ಥೆಯ ಕತೆಯನ್ನು ವ್ಯಾಗನ್ನಿನ ಕಡೆಯಿಂದ ಹೇಳುವುದು ನನ್ನ ಉದ್ದೇಶ. ತಗಡಿನ ಪೆಟ್ಟಿಗೆಯೊಂದು ರಿವೆಟ್ಟು ರಿವೆಟ್ಟೂ ಲೆಕ್ಕಕ್ಕೆ ಸಿಗುವ ಮಾದರಿಯಾಗಿ ಬೆಳೆದದ್ದು ಹೇಗೆ, ಅದಕ್ಕೆ ದುಡಿದವರು ಯಾರು ಎಂಬುದೇ ಇಲ್ಲಿನ ವಿಷಯ.

ಲಿವರ್‌ಪೂಲಿನ ಆರಂಭ

ಫ್ರಾಂಕ್ ಹಾರ್ನ್‌ಬಿ ಹುಟ್ಟಿದ್ದು 1863ರಲ್ಲಿ, ಲಿವರ್‌ಪೂಲಿನಲ್ಲಿ. ಮಾಂಸ ಆಮದು ಮಾಡುವ ಸಂಸ್ಥೆಯೊಂದರಲ್ಲಿ ಗುಮಾಸ್ತನಾಗಿದ್ದವನು. ತನ್ನ ಮಕ್ಕಳಿಗಾಗಿ ತೂತು ಕೊರೆದ ತಗಡಿನ ಪಟ್ಟಿಗಳನ್ನು ನಟ್ಟು-ಬೋಲ್ಟಿನಿಂದ ಜೋಡಿಸುವ ಆಟಿಕೆಯನ್ನು ಮಾಡಿ, 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದೇ ಮುಂದೆ ಮೆಕಾನೊ ಎಂದು ಲೋಕಪ್ರಸಿದ್ಧವಾಯಿತು. 1908ರಲ್ಲಿ ಮೆಕಾನೊ ಲಿಮಿಟೆಡ್ ಸ್ಥಾಪನೆಯಾಯಿತು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು.

ಆ ಹೊತ್ತಿಗೆ ಆಟಿಕೆ ರೈಲಿನ ಪೇಟೆ ಜರ್ಮನಿಯ ಕೈಯಲ್ಲಿತ್ತು. ಗ್ಯೋಪಿಂಗನ್ನಿನ ಮಾರ್ಕ್ಲಿನ್ ಸಂಸ್ಥೆ 1891ರ ಲೈಪ್‌ಜಿಗ್ ಮೇಳದಲ್ಲಿ ಗೇಜುಗಳಿಗೆ, ಅಂದರೆ ಹಳಿಗಳ ನಡುವಿನ ಅಂತರಗಳಿಗೆ, ಕ್ರಮಸಂಖ್ಯೆ ಕೊಟ್ಟು, ಹಳಿ-ಡಬ್ಬಿಗಳನ್ನು ಬಿಡಿಬಿಡಿಯಾಗಿ ಕೊಂಡು ಸೇರಿಸುತ್ತ ಹೋಗುವ ಪದ್ಧತಿಗೆ ದಾರಿ ಮಾಡಿತ್ತು. ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆ ಬ್ರಿಟನ್ನಿನ ಬ್ಯಾಸೆಟ್-ಲೋಕ್ ಸಂಸ್ಥೆಗಾಗಿ ಬ್ರಿಟಿಷ್ ಮಾದರಿಯ ರೈಲುಗಳನ್ನೇ ಮಾಡಿಕೊಡುತ್ತಿತ್ತು. ಮೊದಲ ಮಹಾಯುದ್ಧ ಈ ಆಮದನ್ನು ನಿಲ್ಲಿಸಿತು. ತೆರವಾದ ಜಾಗಕ್ಕೆ 1920ರಲ್ಲಿ ಹಾರ್ನ್‌ಬಿ ರೈಲು ಬಂತು.

ಮೊದಲ ಪೆಟ್ಟಿಗೆಯಲ್ಲಿ ಕೀಲಿ ಕೊಟ್ಟು ಓಡಿಸುವ ಎಂಜಿನ್, ಅದರ ಟೆಂಡರ್, ಮತ್ತು ಮೇಲ್ಭಾಗ ತೆರೆದ ಒಂದು ವ್ಯಾಗನ್ ಇದ್ದವು. ಗೇಜ್ 32 ಮಿ.ಮೀ. ಅಂತರದ ‘ಓ’. ವ್ಯಾಗನ್ನು ಮೆಕಾನೊ ತತ್ವದ್ದೇ: ಬಿಡಿಭಾಗಗಳನ್ನು ನಟ್ಟು-ಬೋಲ್ಟಿನಿಂದ ಜೋಡಿಸಿ ನಿಲ್ಲಿಸಿದ್ದು, ಬೇಕಾದರೆ ಹುಡುಗರು ಬಿಚ್ಚಿ ಮತ್ತೆ ಕಟ್ಟಬಹುದಿತ್ತು. ಪಕ್ಕದ ತಗಡಿಗೆ ರೈಲ್ವೆ ಕಂಪನಿಯ ಹೆಸರಿನ ಅಕ್ಷರಗಳನ್ನು ಸಿಕ್ಕಿಸಲಾಗುತ್ತಿತ್ತು. ನಿಜವಾದ ವ್ಯಾಗನ್ನಿನ ಹಲಗೆ, ಬ್ರೇಕ್, ಬಾಗಿಲು ಯಾವುದರ ಅಳತೆಯೂ ಅದರಲ್ಲಿರಲಿಲ್ಲ. ಆದರೂ ಒಂದು ಸಂಗತಿ ಗಮನಾರ್ಹ. ವ್ಯಾಗನ್ ಯಾವ ಕಂಪನಿಗೆ ಸೇರಿದ್ದು ಎಂಬುದು ಮುಖ್ಯ ಎಂಬ ಅರಿವು ಮೊದಲ ದಿನದಿಂದಲೇ ಇತ್ತು. 1923ರಲ್ಲಿ ಬ್ರಿಟನ್ನಿನ ರೈಲ್ವೆಗಳು ನಾಲ್ಕು ದೊಡ್ಡ ಕಂಪನಿಗಳಾಗಿ ಒಂದುಗೂಡಿದಾಗ ಹಾರ್ನ್‌ಬಿಯ ತಗಡಿನ ವ್ಯಾಗನ್ನುಗಳ ಮೇಲಿನ ಅಕ್ಷರಗಳೂ ಬದಲಾದವು.

ತಗಡಿನ ಮೇಲೆ ಮೂಡಿದ ಪೇಟೆ

1920ರ ಮತ್ತು 30ರ ದಶಕಗಳಲ್ಲಿ ಹಾರ್ನ್‌ಬಿಯ ವ್ಯಾಗನ್ ಪಟ್ಟಿ ಬೆಳೆದ ಪರಿ ಬೆರಗು ಹುಟ್ಟಿಸುತ್ತದೆ. ದನ ಸಾಗಿಸುವ ವ್ಯಾಗನ್, ಸಿಮೆಂಟ್ ವ್ಯಾಗನ್, ಸಿಡಿಮದ್ದಿನ ಡಬ್ಬಿ, ಬಾಳೆಹಣ್ಣಿನ ಡಬ್ಬಿ, ಮರದ ದಿಮ್ಮಿಯ ವ್ಯಾಗನ್, ಕ್ರೇನ್, ಪೀಪಾಯಿಗಳ ವ್ಯಾಗನ್, ಒಳಗೆ ಪುಟ್ಟ ಹಾಲಿನ ಕ್ಯಾನುಗಳಿದ್ದ ಹಾಲಿನ ಡಬ್ಬಿ ಎಲ್ಲವೂ ಬಂದವು. ಶೆಲ್, ಕ್ಯಾಸ್ಟ್ರಾಲ್, ನ್ಯಾಷನಲ್ ಬೆಂಜೋಲ್ ಹೆಸರಿನ ಎಣ್ಣೆ ಟ್ಯಾಂಕುಗಳು. ಕಾರ್ಸ್, ಕ್ರಾಫರ್ಡ್ಸ್, ಜೇಕಬ್ಸ್ ಬಿಸ್ಕತ್ತಿನ ಡಬ್ಬಿಗಳು. ಕ್ಯಾಡ್‌ಬರಿ ಚಾಕಲೇಟಿನ ಡಬ್ಬಿ. ಇವುಗಳಲ್ಲಿ ಕೋಲ್ಮನ್ಸ್ ಸಾಸಿವೆಯ ಡಬ್ಬಿ ಅಲ್ಪಕಾಲ ಮಾತ್ರ ಮಾರಾಟದಲ್ಲಿತ್ತು. ಇಂದು ಸಂಗ್ರಾಹಕರು ಅತಿ ಹೆಚ್ಚು ಹುಡುಕುವ ಹಾರ್ನ್‌ಬಿ ವ್ಯಾಗನ್ನುಗಳಲ್ಲಿ ಅದೂ ಒಂದು.

ಚಪ್ಪಟೆ ತಗಡಿನ ಮೇಲೆ ಮೊದಲೇ ಬಣ್ಣದ ಚಿತ್ರವನ್ನು ಮುದ್ರಿಸಿ, ಆಮೇಲೆ ಅದನ್ನು ಕತ್ತರಿಸಿ ಮಡಿಸಿ ನಾಲಿಗೆಗಳನ್ನು ಸೀಳುಗಳಲ್ಲಿ ತೂರಿಸಿ ಬಾಗಿಸುವುದು ಈ ಕಾಲದ ತಗಡಿನ ಕೆಲಸದ ಜೀವಾಳ. ಹಲಗೆಯ ಗೆರೆ, ಕೀಲು, ಬೋಲ್ಟಿನ ತಲೆ ಎಲ್ಲವೂ ಚಿತ್ರವಾಗಿ ಇರುತ್ತಿದ್ದವು, ಮುಟ್ಟಿದರೆ ನುಣುಪು. ಆಕಾರದಲ್ಲಿ ಸಾಧ್ಯವಾಗದ ವಿವರವನ್ನು ಮುದ್ರಣ ತುಂಬಿಕೊಡುತ್ತಿತ್ತು. ಆ ಮುದ್ರಣದ ಗುಣಮಟ್ಟ ಎಷ್ಟು ಚೆನ್ನಾಗಿತ್ತೆಂದರೆ, ಇಂದಿಗೂ ಆ ಡಬ್ಬಿಗಳ ಬಣ್ಣ ಕಣ್ಣು ಸೆಳೆಯುತ್ತದೆ.

ಸಂಸ್ಥೆಯ ದೊಡ್ಡ ದೂರದೃಷ್ಟಿ ಕಾರ್ಖಾನೆಯ ಹೊರಗಿತ್ತು. 1916ರಲ್ಲಿ ಆರಂಭವಾದ ‘ಮೆಕಾನೊ ಮ್ಯಾಗಜೀನ್’ ನಿಜ ರೈಲ್ವೆಯ ಸುದ್ದಿಯನ್ನೂ ಎಂಜಿನಿಯರಿಂಗಿನ ತಿಳಿವನ್ನೂ ಹುಡುಗರ ಮನೆಗೆ ತಲುಪಿಸಿತು. 1928ರಲ್ಲಿ ಹಾರ್ನ್‌ಬಿ ರೈಲ್ವೆ ಕಂಪನಿ ಎಂಬ ಹೆಸರಿನಲ್ಲಿ ಮಕ್ಕಳ ಸಂಘ ಆರಂಭವಾಯಿತು. ಅದರ ಸದಸ್ಯರು ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು, ಊರೂರಿನಲ್ಲಿ ಶಾಖೆ ಕಟ್ಟಿಕೊಂಡು, ವೇಳಾಪಟ್ಟಿಯ ಪ್ರಕಾರ ರೈಲು ಓಡಿಸಲು ಕಲಿತರು. ಗೂಡ್ಸ್ ರೈಲಿನಲ್ಲಿ ಯಾವ ವ್ಯಾಗನ್ ಎಲ್ಲಿರಬೇಕು, ಬ್ರೇಕ್ ವ್ಯಾನ್ ಯಾಕೆ ಕೊನೆಯಲ್ಲಿರುತ್ತದೆ ಎಂದು ತಿಳಿದ ಹುಡುಗ ಬೆಳೆದು ದೊಡ್ಡವನಾದಾಗ, ತಗಡಿನ ಮೇಲಿನ ಚಿತ್ರ ಅವನಿಗೆ ಸಾಲದಾಯಿತು. ಮುಂದೆ ಹಾರ್ನ್‌ಬಿಯನ್ನು ಕಟುವಾಗಿ ಪ್ರಶ್ನಿಸಿದ ಹವ್ಯಾಸಿಗಳ ತಲೆಮಾರನ್ನು ಬೆಳೆಸಿದ್ದೂ ಹಾರ್ನ್‌ಬಿಯೇ. ಸಂಸ್ಥೆಯೊಂದಕ್ಕೆ ಇದಕ್ಕಿಂತ ದೊಡ್ಡ ಹೆಗ್ಗಳಿಕೆ ಬೇಕಿಲ್ಲ ಎಂದು ನನ್ನ ನಂಬಿಕೆ.

ಫ್ರಾಂಕ್ ಹಾರ್ನ್‌ಬಿ 1931ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದ, 1936ರಲ್ಲಿ ತೀರಿಕೊಂಡ.

ಡಬ್ಲೊ: ಅಳತೆಗೆ ಬಂದ ವ್ಯಾಗನ್

ಸ್ಥಾಪಕ ತೀರಿಕೊಂಡ ಎರಡು ವರ್ಷಕ್ಕೆ, 1938ರಲ್ಲಿ, ಹಾರ್ನ್‌ಬಿ ಡಬ್ಲೊ ಬಂತು. ‘ಓ’ ಗೇಜಿನ ಅರ್ಧದಷ್ಟು ಗಾತ್ರ. ಮೇಜಿನ ಮೇಲೆ ಇಡೀ ರೈಲ್ವೆ ಹಿಡಿಸುವಷ್ಟು ಚಿಕ್ಕದು. ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿ.ಮೀ. ಎಂಬುದು ಇದರ ಅಳತೆ, ಅಂದರೆ ಸುಮಾರು 76ರಲ್ಲಿ ಒಂದು ಪಾಲು.

ಇಲ್ಲೇ ಬ್ರಿಟಿಷ್ ಮಾದರಿ ರೈಲಿಗೆ ಅಂಟಿಕೊಂಡ ವಿಚಿತ್ರ ಗಣಿತವೂ ಇದೆ. ಯುರೋಪಿನಲ್ಲಿ ಎಚ್‌ಓ ಎಂಬ ಅಳತೆ ನೆಲೆಯೂರಿತ್ತು; ಅದರಲ್ಲಿ ಅಡಿಗೆ 3.5 ಮಿ.ಮೀ., ಹಳಿಗಳ ಅಂತರ 16.5 ಮಿ.ಮೀ. ಬ್ರಿಟನ್ನಿನ ಎಂಜಿನ್ನುಗಳು ಯುರೋಪಿನವಕ್ಕಿಂತ ಇಕ್ಕಟ್ಟಾದವು. ಆ ಅಳತೆಗೆ ಕಿರಿದಾಗಿಸಿದರೆ ಅಂದಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ಒಡಲನ್ನು 4 ಮಿ.ಮೀ. ಅಳತೆಗೆ ಹಿಗ್ಗಿಸಿ, ಹಳಿಯನ್ನು 16.5 ಮಿ.ಮೀ.ಗೇ ಉಳಿಸಿಕೊಂಡರು. ಸರಿಯಾದ ಲೆಕ್ಕದಲ್ಲಿ 4 ಅಡಿ 8½ ಅಂಗುಲದ ಹಳಿ 18.83 ಮಿ.ಮೀ. ಆಗಬೇಕು. ಹೀಗೆ ಓಓ ಎಂದು ಹೆಸರಾದ ಈ ಗೇಜಿನ ಪ್ರತಿ ರೈಲೂ ತನಗೆ ಬೇಕಾದದ್ದಕ್ಕಿಂತ ಏಳು ಅಂಗುಲ ಕಿರಿದಾದ ಹಳಿಯ ಮೇಲೆ ಓಡುತ್ತದೆ. ಎಂಜಿನ್ನಿನ ಮೋಟಾರಿಗಾಗಿ ಮಾಡಿಕೊಂಡ ಈ ರಾಜಿಯ ಭಾರವನ್ನು ಮೋಟಾರೇ ಇಲ್ಲದ ವ್ಯಾಗನ್ನೂ ಹೊತ್ತಿತು. ಚಕ್ರಗಳು ಒಳಸರಿದವು, ಅವುಗಳ ಜೊತೆ ಬ್ರೇಕ್ ಶೂಗಳೂ ಒಳಸರಿದವು. ಇಂದಿಗೂ ಹೊಸ ವ್ಯಾಗನ್ ವಿನ್ಯಾಸ ಮಾಡುವವರು ಈ ಏಳು ಅಂಗುಲವನ್ನು ಹೊಂದಿಸುವ ಕೆಲಸದಿಂದಲೇ ಶುರುಮಾಡಬೇಕು.

ಆರಂಭದ ಡಬ್ಲೊ ವ್ಯಾಗನ್ನುಗಳು ಎರಡು ಕಾಲಗಳ ನಡುವಿನವು. ಅಡಿಗಟ್ಟು ಎರಕದ ಲೋಹದ್ದು. ಅದರಲ್ಲಿ ಸ್ಪ್ರಿಂಗ್, ಆಕ್ಸಲ್ ಪೆಟ್ಟಿಗೆ, ಬ್ರೇಕ್ ಹಿಡಿಕೆ ಉಬ್ಬಿ ಕಾಣುತ್ತಿದ್ದವು. ಒಡಲು ಮಾತ್ರ ಹಳೆಯ ಪದ್ಧತಿಯ ಮುದ್ರಿತ ತಗಡು. ಭಾರವಾದ ಅಡಿಗಟ್ಟಿನಿಂದಾಗಿ ವ್ಯಾಗನ್ನುಗಳು ಹಳಿ ಬಿಡದೆ ಚೆನ್ನಾಗಿ ಓಡುತ್ತಿದ್ದವು. ಎರಡನೆಯ ಮಹಾಯುದ್ಧ ತಯಾರಿಕೆಯನ್ನು ನಿಲ್ಲಿಸಿತು; ಯುದ್ಧ ಮುಗಿದ ಮೇಲೆ 1947ರ ಕೊನೆಗೆ ಡಬ್ಲೊ ಮತ್ತೆ ಅಂಗಡಿಗೆ ಬಂತು. ಯುದ್ಧಾನಂತರದ ವ್ಯಾಗನ್ನುಗಳಿಗೆ ಪೆಕೊ ಸಂಸ್ಥೆ ರೂಪಿಸಿದ ತಾನಾಗಿ ಸೇರುವ ಕೊಂಡಿ ಬಂದದ್ದು ಮತ್ತೊಂದು ಸುಧಾರಣೆ.

1958: ಚಿತ್ರ ಹೋಗಿ ಆಕಾರ ಬಂತು

ಹಾರ್ನ್‌ಬಿ ವ್ಯಾಗನ್ನಿನ ಚರಿತ್ರೆಯಲ್ಲಿ ಒಂದೇ ಒಂದು ವರ್ಷವನ್ನು ಆರಿಸಿ ಹೇಳು ಎಂದರೆ ನಾನು 1958 ಎನ್ನುತ್ತೇನೆ. ಆ ವರ್ಷದಿಂದ ‘ಸೂಪರ್ ಡೀಟೇಲ್’ ಎಂಬ ಹೆಸರಿನ ಹೊಸ ಸಾಲಿನ ವ್ಯಾಗನ್ನುಗಳು ಡಬ್ಲೊ ಪಟ್ಟಿಗೆ ಸೇರತೊಡಗಿದವು. ಒಡಲು ಪ್ಲಾಸ್ಟಿಕ್ಕಿನದು. ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬುವ ತಂತ್ರದಿಂದ, ತಗಡಿನಲ್ಲಿ ಬರೀ ಚಿತ್ರವಾಗಿದ್ದ ಹಲಗೆ, ಕೀಲು, ರಿವೆಟ್ಟುಗಳೆಲ್ಲ ಬೆರಳಿಗೆ ಸಿಗುವ ಆಕಾರಗಳಾದವು. ಏಣಿಗೆ ಮೆಟ್ಟಿಲು ಬಂತು, ಬಾಗಿಲಿಗೆ ಚಿಲಕ ಬಂತು.

ಹೊಸ ವ್ಯಾಗನ್ನುಗಳ ಆಯ್ಕೆಯೂ ಕಾಲಕ್ಕೆ ತಕ್ಕದ್ದಾಗಿತ್ತು. 1955ರ ಆಧುನೀಕರಣ ಯೋಜನೆಯ ನಂತರ ಬ್ರಿಟಿಷ್ ರೈಲ್ವೆ ಹೊಸ ಬಗೆಯ ವ್ಯಾಗನ್ನುಗಳನ್ನು ಹಳಿಗಿಳಿಸುತ್ತಿತ್ತು. ಚೀಲವಿಲ್ಲದೆ ಸಿಮೆಂಟ್ ತುಂಬಿ, ಗಾಳಿಯ ಒತ್ತಡದಿಂದ ಹೊರಹಾಕುವ ಪ್ರೆಸ್‌ಫ್ಲೊ. ಎರಡು ಗುಮ್ಮಟಗಳ ಪ್ರೆಸ್ಟ್‌ವಿನ್. 20 ಟನ್ನಿನ ಧಾನ್ಯದ ವ್ಯಾಗನ್. ಕಾಸ್ಟಿಕ್ ದ್ರಾವಣ ಸಾಗಿಸುವ ಉದ್ದನೆಯ ಬೋಗಿ ಟ್ಯಾಂಕ್. ಇವೆಲ್ಲವನ್ನೂ ಡಬ್ಲೊ ಮಾದರಿಯಾಗಿಸಿತು. ಸ್ಟೇಷನ್ನಿನಲ್ಲಿ ಹುಡುಗ ಇಂದು ನೋಡಿದ್ದು ನಾಳೆ ಅವನ ಮೇಜಿನ ಮೇಲಿರುತ್ತಿತ್ತು.

1959ರಲ್ಲಿ ಡಬ್ಲೊ ತನ್ನ ಅದುವರೆಗಿನ ಮೂರು ಹಳಿಯ ಪದ್ಧತಿಯ ಜೊತೆಗೆ ಎರಡು ಹಳಿಯ ಪದ್ಧತಿಯನ್ನೂ ತಂದಿತು. ಎರಡು ಹಳಿಗಳಿಗೂ ಬೇರೆ ಬೇರೆ ವಿದ್ಯುತ್ ಧ್ರುವ ಇರುವಾಗ, ಲೋಹದ ಚಕ್ರ-ಆಕ್ಸಲ್ ಇರುವ ವ್ಯಾಗನ್ನನ್ನು ಇಟ್ಟ ಕೂಡಲೇ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ಚಕ್ರಗಳು ಆ ತೊಡಕನ್ನು ಬಿಡಿಸಿದವು. ಎಂಜಿನ್ನಿನ ಬಗೆಗೆ ಮಾಡಿದ ತೀರ್ಮಾನವೊಂದು ಪ್ರತಿ ವ್ಯಾಗನ್ನಿನ ಚಕ್ರವನ್ನೂ ಮರುವಿನ್ಯಾಸ ಮಾಡಿಸಿದ ಇನ್ನೊಂದು ಸಂದರ್ಭವಿದು.

ಈ ಉತ್ಕೃಷ್ಟ ಕೆಲಸ ಸಂಸ್ಥೆಯನ್ನು ಉಳಿಸಲಿಲ್ಲ. ಎರಡು ಹಳಿಯ ಪದ್ಧತಿಗೆ ಬಂದದ್ದು ತಡವಾಗಿತ್ತು, ಬೆಲೆ ಹೆಚ್ಚಿತ್ತು, ಪೈಪೋಟಿ ಬಿರುಸಾಗಿತ್ತು. 1964ರಲ್ಲಿ ಮೆಕಾನೊ ಲಿಮಿಟೆಡ್ಡನ್ನು, ಟ್ರೈ-ಆಂಗ್ ರೈಲುಗಳನ್ನು ಮಾಡುತ್ತಿದ್ದ ಲೈನ್ಸ್ ಬ್ರದರ್ಸ್ ಸಂಸ್ಥೆ ಕೊಂಡಿತು. ಡಬ್ಲೊದ ಅಚ್ಚುಗಳಲ್ಲಿ ಬಹುಪಾಲು ರೆನ್ ಸಂಸ್ಥೆಯ ಪಾಲಾದವು. 1990ರ ದಶಕದ ಆರಂಭದವರೆಗೂ ರೆನ್ ಅದೇ ಅಚ್ಚುಗಳಿಂದ ಹೊಸ ಹೊಸ ಬಣ್ಣ-ಬರಹದ ವ್ಯಾಗನ್ನುಗಳನ್ನು ಹೊರತರುತ್ತಿತ್ತು ಎಂದರೆ, 1958ರ ಅಚ್ಚು ಮಾಡಿದವರ ಕೈಚಳಕ ಎಂಥದ್ದಿತ್ತೆಂದು ಊಹಿಸಬಹುದು.

ಮಾರ್ಗೇಟಿನ ಕಾಲ, ಹವ್ಯಾಸಿಗಳ ಉತ್ತರ

ಲೈನ್ಸ್ ಬ್ರದರ್ಸ್‌ನ ಟ್ರೈ-ಆಂಗ್ ರೈಲುಗಳು 1954ರಿಂದ ಕೆಂಟ್ ಕರಾವಳಿಯ ಮಾರ್ಗೇಟಿನಲ್ಲಿ ತಯಾರಾಗುತ್ತಿದ್ದವು. 1965ರಿಂದ ಅವುಗಳ ಹೆಸರು ಟ್ರೈ-ಆಂಗ್ ಹಾರ್ನ್‌ಬಿ. 1971ರಲ್ಲಿ ಲೈನ್ಸ್ ಬ್ರದರ್ಸ್ ಕುಸಿದ ಮೇಲೆ, 1972ರಿಂದ ಹಾರ್ನ್‌ಬಿ ರೈಲ್ವೇಸ್. ಹೆಸರು ಲಿವರ್‌ಪೂಲಿನದು, ಅಚ್ಚುಗಳು ಮಾರ್ಗೇಟಿನವು. ಬಿನ್ಸ್ ರಸ್ತೆಯ ಕಾರ್ಖಾನೆ 1979ರಲ್ಲಿ ಶಾಶ್ವತವಾಗಿ ಮುಚ್ಚಿತು.

ಮಾರ್ಗೇಟಿನ ವ್ಯಾಗನ್ ನೀತಿ ಮಿತವ್ಯಯದ್ದು. ಒಂದೇ ಅಡಿಗಟ್ಟಿನ ಮೇಲೆ ಹಲವು ಒಡಲುಗಳನ್ನು ಕೂರಿಸುವುದು ಅದರ ರೂಢಿ. ಮಕ್ಕಳ ಕೈಗೆಟುಕುವ ಬೆಲೆಗೆ ಗಟ್ಟಿಮುಟ್ಟಾದ ವ್ಯಾಗನ್ ಕೊಡುವುದಕ್ಕೆ ಅದೇ ದಾರಿಯಾಗಿತ್ತು, ಸಾವಿರಾರು ಮನೆಗಳಿಗೆ ಹವ್ಯಾಸ ತಲುಪಿದ್ದೂ ಹಾಗೆಯೇ. ಆದರೆ ಚಕ್ರಗಳ ನಡುವಿನ ಅಂತರ ನಿಜದ ವ್ಯಾಗನ್ನಿನದಾಗಿರದೆ ಅಡಿಗಟ್ಟಿನದಾಗಿರುತ್ತಿತ್ತು.

ಇದಕ್ಕೆ ಹವ್ಯಾಸಿಗಳು ಕೊಟ್ಟ ಉತ್ತರವೇ ಈ ಚರಿತ್ರೆಯ ತಿರುಳು. ಲಂಡನ್ನಿನ ಮಾಡೆಲ್ ರೈಲ್ವೆ ಕ್ಲಬ್ 1910ರಿಂದಲೇ ಇತ್ತು. 1950ರಲ್ಲಿ ಹಿಸ್ಟಾರಿಕಲ್ ಮಾಡೆಲ್ ರೈಲ್ವೆ ಸೊಸೈಟಿ ಹುಟ್ಟಿ, ರೈಲ್ವೆ ಕಂಪನಿಗಳ ನಕ್ಷೆ, ಛಾಯಾಚಿತ್ರ, ಬಣ್ಣದ ವಿವರಗಳನ್ನು ಸಂಗ್ರಹಿಸತೊಡಗಿತು. 1955ರಲ್ಲಿ ಇಎಂ ಗೇಜ್ ಸೊಸೈಟಿ ಸ್ಥಾಪನೆಯಾಗಿ, ಹಳಿಯನ್ನು ಅಗಲಿಸುವ ಕೆಲಸ ಕೈಗೆತ್ತಿಕೊಂಡಿತು. ಇಂದು ಆ ಗೇಜ್ 18.2 ಮಿ.ಮೀ. 1960ರ ದಶಕದಲ್ಲಿ ಪ್ರೋಟೊಫೋರ್ ಎಂಬ ಪದ್ಧತಿಯವರು ರಾಜಿಯನ್ನೇ ಒಪ್ಪದೆ 18.83 ಮಿ.ಮೀ.ಗೆ ಹೋದರು. ಇದೇ ದಶಕದಲ್ಲಿ ಏರ್‌ಫಿಕ್ಸ್ ಸಂಸ್ಥೆಯ ಅಗ್ಗದ ಪ್ಲಾಸ್ಟಿಕ್ ಕಿಟ್ಟುಗಳು ಬಂದು, ಕಲ್ಲಿದ್ದಲು ವ್ಯಾಗನ್, ದನದ ವ್ಯಾಗನ್, ಬ್ರೇಕ್ ವ್ಯಾನುಗಳನ್ನು ಅಂಟಿಸಿ ಕಟ್ಟುವ ಸುಖವನ್ನು ಎಲ್ಲರಿಗೂ ಹಂಚಿದವು. ಕಟ್ಟಿದವರಿಗೆ ಪ್ರತಿ ಭಾಗದ ಕೆಲಸ ತಿಳಿಯಿತು. ಕಾರ್ಖಾನೆಯ ವ್ಯಾಗನ್ನನ್ನು ಪಕ್ಕದಲ್ಲಿಟ್ಟು ನೋಡುವ ಕಣ್ಣು ಹುಟ್ಟಿತು.

ರಜೆಯ ದಿನಗಳಲ್ಲಿ ಗೂಡ್ಸ್ ಯಾರ್ಡಿಗೆ ಹೋಗಿ, ಟೇಪು ಹಿಡಿದು, ಗುಜರಿಗೆ ಹೋಗಲಿದ್ದ ವ್ಯಾಗನ್ನುಗಳ ಅಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಜನ ಇವರು. 1960ರ ದಶಕದಿಂದ ಬ್ರಿಟನ್ನಿನಲ್ಲಿ ಹಳೆಯ ವ್ಯಾಗನ್ನುಗಳು ಲಕ್ಷಗಟ್ಟಲೆ ಗುಜರಿಗೆ ಹೋದವು. ಹೋದ ಮೇಲೂ ಅವುಗಳ ಮಾದರಿ ಮಾಡಲು ಸಾಧ್ಯವಾಗಿದ್ದರೆ ಅದು ಈ ನೋಟ್‌ಬುಕ್ಕುಗಳ ಕೊಡುಗೆ.

ಪೈಪೋಟಿ ಕಲಿಸಿದ ಪಾಠ

1970ರ ದಶಕದ ಮಧ್ಯದಲ್ಲಿ ಏರ್‌ಫಿಕ್ಸ್ ಮತ್ತು ಪಾಲಿಟಾಯ್‌ನ ಮೇನ್‌ಲೈನ್ ಎಂಬ ಎರಡು ಹೊಸ ಸಾಲುಗಳು ಸಿದ್ಧ ರೈಲುಗಳ ಪೇಟೆಗೆ ಬಂದವು. ಅವುಗಳ ವ್ಯಾಗನ್ನುಗಳ ನಯಗಾರಿಕೆ ಮಾರ್ಗೇಟನ್ನು ಎಚ್ಚರಿಸಿತು. ಮೇನ್‌ಲೈನಿಗೆ ತಯಾರಿಸಿ ಕೊಡುತ್ತಿದ್ದ ಹಾಂಗ್‌ಕಾಂಗಿನ ಕೇಡರ್ ಸಂಸ್ಥೆ 1987ರಲ್ಲಿ ಅಮೆರಿಕದ ಬ್ಯಾಕ್‌ಮನ್ನನ್ನು ಕೊಂಡಿತು. ಸ್ವಲ್ಪದರಲ್ಲೇ ಬ್ಯಾಕ್‌ಮನ್ ಬ್ರಾಂಚ್‌ಲೈನ್ ಹೆಸರಿನಲ್ಲಿ ಬ್ರಿಟಿಷ್ ರೈಲುಗಳನ್ನು ತಂದಿತು. ವ್ಯಾಗನ್ನಿನ ಗುಣಮಟ್ಟಕ್ಕೆ ಅದು ಹಾಕಿದ ಹೊಸ ಗೆರೆಯನ್ನು ಎಲ್ಲರೂ ಮುಟ್ಟಬೇಕಾಯಿತು. ಏರ್‌ಫಿಕ್ಸಿನ ಹಳೆಯ ರೈಲು ಅಚ್ಚುಗಳಲ್ಲಿ ಹಲವನ್ನು ಹಾರ್ನ್‌ಬಿ 1996ರಲ್ಲಿ ಅವುಗಳ ಅಂದಿನ ಒಡೆಯ ಡಾಪೊಲ್ ಸಂಸ್ಥೆಯಿಂದ ಕೊಂಡುಕೊಂಡಿತು.

1990ರ ದಶಕದ ಉತ್ತರಾರ್ಧದಲ್ಲಿ ಹಾರ್ನ್‌ಬಿಯ ತಯಾರಿಕೆ ಮಾರ್ಗೇಟಿನಿಂದ ಚೀನಾಕ್ಕೆ ಹೋಯಿತು. ಕೈಯಿಂದ ಜೋಡಿಸುವ ಬಿಡಿಭಾಗಗಳ ಸಂಖ್ಯೆ ಒಮ್ಮೆಲೇ ಏರಲು ಇದೇ ಕಾರಣ. ಅಲ್ಲಿಯವರೆಗೆ ಒಡಲಿನ ಜೊತೆಗೇ ಎರಕಗೊಳ್ಳುತ್ತಿದ್ದ ಹಿಡಿಕೆ, ಏಣಿ, ಬ್ರೇಕ್ ಸರಳುಗಳು ಬೇರೆ ಬೇರೆ ಭಾಗಗಳಾಗಿ ಬಂದು ಕೂತವು. ಇದರ ಇನ್ನೊಂದು ಮುಖವೂ ಇದೆ. ಹಾರ್ನ್‌ಬಿ ನೆಚ್ಚಿಕೊಂಡಿದ್ದ ಸಂಡಾ ಕಾನ್ ಕಾರ್ಖಾನೆ 2008ರಲ್ಲಿ ಅದೇ ಕೇಡರಿನ ಕೈಸೇರಿತು. ತನ್ನ ಮುಖ್ಯ ಎದುರಾಳಿಯ ಮಾತೃಸಂಸ್ಥೆಯೇ ತನ್ನ ಮಾಲು ತಯಾರಿಸುವ ಸ್ಥಿತಿ ಬಂದು, ಬೇರೆ ಕಾರ್ಖಾನೆಗಳನ್ನು ಹುಡುಕುವುದರಲ್ಲಿ ಹಾರ್ನ್‌ಬಿ ವರ್ಷಗಳನ್ನೇ ಕಳೆಯಿತು. ಅಚ್ಚು ನಮ್ಮದಾಗಿದ್ದರೆ ಸಾಲದು, ಅದನ್ನು ಬಳಸುವ ಕೈಗಳ ಜೊತೆಗಿನ ನಂಟೂ ಗಟ್ಟಿಯಾಗಿರಬೇಕು ಎಂಬುದು ಅದು ಕಲಿತ ಪಾಠ.

ಇಂದು ಒಂದು ವ್ಯಾಗನ್ ಹುಟ್ಟುವ ಬಗೆ

ಹೊಸ ಮಾದರಿಯ ಕೆಲಸ ಎಷ್ಟು ಸೂಕ್ಷ್ಮವೆಂದು ತಿಳಿಯಲು ಬ್ರಿಟನ್ನಿನ 16 ಟನ್ ಕಲ್ಲಿದ್ದಲು ವ್ಯಾಗನ್ನನ್ನು ತೆಗೆದುಕೊಳ್ಳೋಣ. ಯುದ್ಧಕಾಲದಿಂದ ಮೊದಲಾಗಿ ಎರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಉಕ್ಕಿನ ವ್ಯಾಗನ್ ಇದು. ಡಬ್ಲೊ ಕಾಲದಿಂದ ಹಲವು ಸಂಸ್ಥೆಗಳು ಇದರ ಮಾದರಿ ಮಾಡಿವೆ. ನೋಡಲು ಬರೀ ಒಂದು ತೆರೆದ ಪೆಟ್ಟಿಗೆ.

ಮೊದಲ ಹೆಜ್ಜೆ ಸಂಶೋಧನೆ. ಎರಡು ಲಕ್ಷ ವ್ಯಾಗನ್ನುಗಳೂ ಒಂದೇ ಆಗಿರಲಿಲ್ಲ. ಕೆಲವಕ್ಕೆ ರಿವೆಟ್ಟು, ಕೆಲವಕ್ಕೆ ಬೆಸುಗೆ. ಕೆಲವಕ್ಕೆ ಬ್ರೇಕ್ ಶೂಗಳು ಒಂದು ಬದಿಗೆ ಮಾತ್ರ, ಕೆಲವಕ್ಕೆ ಎರಡೂ ಬದಿಗೆ. ಯಾವುದನ್ನು ಮಾಡಬೇಕೆಂದು ಮೊದಲೇ ತೀರ್ಮಾನವಾಗಬೇಕು. ಕಾರ್ಖಾನೆಯ ಮೂಲ ನಕ್ಷೆ ಸಿಕ್ಕರೂ ಸಾಲದು, ಕಟ್ಟುವಾಗ ನಕ್ಷೆಯಿಂದ ಆಚೀಚೆ ಆಗಿರುತ್ತದೆ. ಹಳೆಯ ಛಾಯಾಚಿತ್ರಗಳೊಡನೆ ಹೋಲಿಸಬೇಕು. ಉಳಿದಿರುವ ವ್ಯಾಗನ್ ಇದ್ದರೆ ಹೋಗಿ ಅಳೆಯಬೇಕು, ಈಗ ಲೇಸರ್ ಸ್ಕ್ಯಾನ್ ಕೂಡ ಮಾಡುತ್ತಾರೆ.

ಎರಡನೆಯದು ಕಿರಿದಾಗಿಸುವ ಕಲೆ. 16 ಅಡಿ 6 ಅಂಗುಲದ ಒಡಲು 66 ಮಿ.ಮೀ. ಆಗುತ್ತದೆ, 9 ಅಡಿಯ ಚಕ್ರಾಂತರ 36 ಮಿ.ಮೀ.; 3 ಅಡಿ 1½ ಅಂಗುಲದ ಚಕ್ರ 12.5 ಮಿ.ಮೀ. ಇಲ್ಲಿಯವರೆಗೆ ಲೆಕ್ಕ ಸುಲಭ. ಆದರೆ ಕಾಲು ಅಂಗುಲ ದಪ್ಪದ ಉಕ್ಕಿನ ತಗಡನ್ನು ಇದೇ ಪ್ರಮಾಣಕ್ಕೆ ಇಳಿಸಿದರೆ 0.08 ಮಿ.ಮೀ. ಉಳಿಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಅಷ್ಟು ತೆಳ್ಳಗೆ ಎರಕ ಹೊಯ್ಯಲಾಗದು. ಆದ್ದರಿಂದ ಗೋಡೆಯನ್ನು ದಪ್ಪವಾಗಿಯೇ ಮಾಡಿ, ಕಣ್ಣಿಗೆ ಬೀಳುವ ಮೇಲಂಚನ್ನು ಮಾತ್ರ ಒಳಬದಿಯಿಂದ ಇಳಿಜಾರಾಗಿ ತೆಳುಗೊಳಿಸುತ್ತಾರೆ. ಬ್ರೇಕ್ ಹಿಡಿಕೆಯನ್ನು ಅಳತೆಗೆ ಸರಿಯಾಗಿ ಮಾಡಿದರೆ ಬೆರಳು ತಾಗಿದೊಡನೆ ಮುರಿಯುತ್ತದೆ. ದಪ್ಪ ಮಾಡಿದರೆ ಒರಟಾಗಿ ಕಾಣುತ್ತದೆ. ಎಲ್ಲಿ ಎಷ್ಟು ದಪ್ಪ ಇರಬೇಕೆಂದು ನಿರ್ಧರಿಸುವುದರಲ್ಲಿ ವಿನ್ಯಾಸಕಾರನ ಜಾಣ್ಮೆಯಿದೆ.

ತೂಕದ ಲೆಕ್ಕ ಇನ್ನೂ ಸ್ವಾರಸ್ಯಕರ. ಉದ್ದ 76 ಪಾಲು ಕಿರಿದಾದರೆ ಗಾತ್ರ 76ರ ಘನದಷ್ಟು, ಅಂದರೆ ನಾಲ್ಕು ಲಕ್ಷಕ್ಕೂ ಹೆಚ್ಚು ಪಾಲು ಕಿರಿದಾಗುತ್ತದೆ. ಸುಮಾರು 7 ಟನ್ ತೂಗುವ ಖಾಲಿ ವ್ಯಾಗನ್ ಈ ಪ್ರಕಾರ 16 ಗ್ರಾಂ ಇರಬೇಕು. ಅಷ್ಟು ಹಗುರವಾದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ. ಒಂದು ಆಕ್ಸಲ್‌ಗೆ 25 ಗ್ರಾಂ ಎಂಬುದು ಬ್ರಿಟಿಷ್ ಹವ್ಯಾಸಿಗಳಲ್ಲಿ ರೂಢಿಯಾದ ಅಳತೆ. ಲೋಹದ ಅಡಿಗಟ್ಟು ಅಥವಾ ನೆಲದ ಕೆಳಗೆ ಅಡಗಿಸಿದ ಉಕ್ಕಿನ ಪಟ್ಟಿ ಆ ಕೊರತೆಯನ್ನು ತುಂಬುತ್ತದೆ. ಸೂಜಿಮೊನೆಯ ಆಕ್ಸಲ್‌ಗಳು ಹಿತ್ತಾಳೆಯ ಬೇರಿಂಗಿನಲ್ಲಿ ಕೂತರೆ, ಇಪ್ಪತ್ತು ವ್ಯಾಗನ್ನುಗಳ ಸಾಲನ್ನೂ ಪುಟ್ಟ ಎಂಜಿನ್ ಸಲೀಸಾಗಿ ಎಳೆಯುತ್ತದೆ.

ಆಮೇಲೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ವಿನ್ಯಾಸ, ಅದರಿಂದ ಉಕ್ಕಿನ ಅಚ್ಚು. ಇಡೀ ಯೋಜನೆಯಲ್ಲಿ ದುಬಾರಿಯಾದದ್ದು ಅಚ್ಚು, ಒಮ್ಮೆ ಕೊರೆದ ಮೇಲೆ ತಿದ್ದುವುದು ಕಷ್ಟ. ಅಚ್ಚಿನಿಂದ ಬರುವ ಮೊದಲ, ಬಣ್ಣವಿಲ್ಲದ ಮಾದರಿಯನ್ನು ಸಂಶೋಧಕರು, ಅನುಭವಿ ಹವ್ಯಾಸಿಗಳು ಪರೀಕ್ಷಿಸಿ ತಪ್ಪು ಪಟ್ಟಿಮಾಡುತ್ತಾರೆ. ಕೊಂಡಿ ಸರಿಯಾದ ಎತ್ತರದಲ್ಲಿದೆಯೇ, ಬೇರೆ ಕಂಪನಿಯ ಕೊಂಡಿಯನ್ನೂ ಸಿಕ್ಕಿಸಬಹುದಾದ ಎನ್‌ಇಎಂ ಗುಣಮಟ್ಟದ ಕಿಸೆ ಇದೆಯೇ, ತಮ್ಮ ಹಳಿಗೆ ಚಕ್ರ ಬದಲಿಸಲು ಇಎಂ ಗೇಜಿನವರಿಗೆ ಒಳಗೆ ಜಾಗ ಬಿಟ್ಟಿದೆಯೇ ಎಂದೆಲ್ಲ ನೋಡುತ್ತಾರೆ.

ಕೊನೆಯದು ಬಣ್ಣ ಮತ್ತು ಬರಹ. ಬ್ರಿಟಿಷ್ ರೈಲ್ವೆಯಲ್ಲಿ ಎಂಜಿನ್ನಿನಿಂದ ನಿಯಂತ್ರಿಸುವ ಬ್ರೇಕ್ ಇಲ್ಲದ ವ್ಯಾಗನ್ ಬೂದು, ಇದ್ದದ್ದು ಕೆಂಗಂದು. ಪಕ್ಕದಲ್ಲಿ ಓರೆಯಾಗಿ ಎಳೆದ ಬಿಳಿ ಪಟ್ಟೆ ಯಾವ ತುದಿಗೆ ಕಲ್ಲಿದ್ದಲು ಸುರಿಯುವ ಬಾಗಿಲಿದೆ ಎಂದು ಕೂಲಿಯವರಿಗೆ ತೋರಿಸುವ ಗುರುತು. ಅದನ್ನು ತಿರುವುಮುರುವಾಗಿ ಹಾಕಿದರೆ ಮಾದರಿ ಸುಳ್ಳು ಹೇಳಿದಂತೆ. ನಂಬರಿನ ಮುಂದಿನ ‘ಬಿ’ ಅಕ್ಷರ ಬ್ರಿಟಿಷ್ ರೈಲ್ವೆಗಾಗಿಯೇ ತಯಾರಾದದ್ದೆಂದೂ ‘ಪಿ’ ಅಕ್ಷರ ಖಾಸಗಿ ಒಡೆಯರಿಂದ ಬಂದದ್ದೆಂದೂ ತಿಳಿಸುತ್ತದೆ. ಸಾಲಾಗಿ ಓಡಿಸುವವರಿಗಾಗಿ ಒಂದೇ ವ್ಯಾಗನ್ನನ್ನು ಹಲವು ನಂಬರುಗಳಲ್ಲಿ ಕೊಡುತ್ತಾರೆ. ಘೋಷಣೆಯಿಂದ ಅಂಗಡಿಗೆ ಬರುವವರೆಗೆ ಒಂದೂವರೆ-ಎರಡು ವರ್ಷ ಹಿಡಿಯುವುದು ಅಪರೂಪವಲ್ಲ.

2022ರಲ್ಲಿ ಹಾರ್ನ್‌ಬಿ 120ರಲ್ಲಿ ಒಂದು ಅಳತೆಯ, 12 ಮಿ.ಮೀ. ಗೇಜಿನ ಟಿಟಿ ಸಾಲನ್ನು ಆರಂಭಿಸಿತು. ಓಓ ಗೇಜಿನ ಹಾಗಲ್ಲದೆ ಇಲ್ಲಿ ಹಳಿಯೂ ಒಡಲೂ ಒಂದೇ ಅಳತೆಗೆ ಹೊಂದುತ್ತವೆ. 1938ರಲ್ಲಿ ಮಾಡಿಕೊಂಡ ರಾಜಿಯಿಂದ ಬಿಡುಗಡೆಯಾದ ಹಾರ್ನ್‌ಬಿ ವ್ಯಾಗನ್ನುಗಳು ಎಂಬತ್ತನಾಲ್ಕು ವರ್ಷಗಳ ನಂತರ ಬಂದಿವೆ.

ನಮ್ಮ ಪಾಲಿನ ಕೆಲಸ

ಈ ಚರಿತ್ರೆಯಲ್ಲಿ ಕನ್ನಡದ ಹವ್ಯಾಸಿಗಳು ಗಮನಿಸಬೇಕಾದ ಮಾತು ಒಂದಿದೆ. ಹಾರ್ನ್‌ಬಿಯಾಗಲಿ ಅದರ ಎದುರಾಳಿಗಳಾಗಲಿ ಇಂದು ಇಷ್ಟು ವಿವರವಾದ ವ್ಯಾಗನ್ ಮಾಡಬಲ್ಲರಾದರೆ ಅದಕ್ಕೆ ಯಂತ್ರ, ಹಣ ಎರಡೂ ಕಾರಣ. ಅವೆರಡಕ್ಕಿಂತ ಮೊದಲು, ಯಾವ ಲಾಭವನ್ನೂ ನೋಡದೆ ಯಾರ್ಡಿಗೆ ಹೋಗಿ ಅಳೆದು ಬರೆದಿಟ್ಟವರು ಕಾರಣ. ದಾಖಲೆ ಇಲ್ಲದ ವ್ಯಾಗನ್ನಿಗೆ ಯಾವ ಕಾರ್ಖಾನೆಯೂ ಅಚ್ಚು ಕೊರೆಯಲಾರದು.

ನಮ್ಮ ಕರ್ನಾಟಕದ ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜ್ ಆಗಿವೆ. ಅವುಗಳ ಮೇಲೆ ಓಡುತ್ತಿದ್ದ ಗೂಡ್ಸ್ ಡಬ್ಬಿಗಳಲ್ಲಿ ಬಹುಪಾಲು ಇಂದು ಇಲ್ಲ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ, 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯ ನಮಗೆ ಹತ್ತಿರದಲ್ಲೇ ಇವೆ. ಬ್ರಾಡ್ ಗೇಜಿನ ಮಟ್ಟಿಗೂ ಲೆಕ್ಕ ನಮ್ಮ ಪರವಾಗಿದೆ: 5 ಅಡಿ 6 ಅಂಗುಲದ ನಮ್ಮ ಹಳಿ 4 ಮಿ.ಮೀ. ಅಳತೆಯಲ್ಲಿ ಸರಿಯಾಗಿ 22 ಮಿ.ಮೀ. ಆಗುತ್ತದೆ. ಅದಿರು, ಕಲ್ಲಿದ್ದಲು ಹೊತ್ತು ಸಾಗುವ ಬಾಕ್ಸ್‌ಎನ್ ವ್ಯಾಗನ್ ಕೊಂಡಿಯಿಂದ ಕೊಂಡಿಗೆ 10.713 ಮೀಟರ್; ಎಚ್‌ಓ ಅಳತೆಯಲ್ಲಿ ಅದು 123 ಮಿ.ಮೀ. ಇಂದು ದಿನವೂ ಕಣ್ಣೆದುರು ಓಡುತ್ತಿರುವುದರಿಂದ ಅದನ್ನು ಯಾರೂ ವಿವರವಾಗಿ ದಾಖಲಿಸುವ ಗೋಜಿಗೆ ಹೋಗುವುದಿಲ್ಲ. ಬ್ರಿಟನ್ನಿನ 16 ಟನ್ ವ್ಯಾಗನ್ ಕೂಡ ಒಂದು ಕಾಲಕ್ಕೆ ಹೀಗೆಯೇ ಎಲ್ಲೆಲ್ಲೂ ಇತ್ತು.

ಆದ್ದರಿಂದ ಈ ಸಂಚಿಕೆಯ ಓದುಗರಲ್ಲಿ ನನ್ನ ವಿನಂತಿ ಇಷ್ಟು. ನೀವು ಮಾದರಿ ಕಟ್ಟುವವರಾಗಿರಿ, ಕೊಳ್ಳುವವರಾಗಿರಿ, ಬರೀ ನೋಡಿ ಸಂತೋಷಪಡುವವರಾಗಿರಿ. ವಸ್ತುಸಂಗ್ರಹಾಲಯಕ್ಕೆ ಹೋದಾಗ ಎಂಜಿನ್ನಿನ ಮುಂದೆ ಒಂದು ಫೋಟೊ ತೆಗೆದ ಮೇಲೆ, ಅಲ್ಲಿರುವ ಡಬ್ಬಿ-ವ್ಯಾಗನ್ನುಗಳ ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಅನುಮತಿ ಪಡೆದು ಚಕ್ರಾಂತರ, ಉದ್ದ, ಎತ್ತರ ಅಳೆಯಿರಿ. ಮೇಲೆ ಬರೆದಿರುವ ನಂಬರು, ತೂಕ, ತಯಾರಾದ ಕಾರ್ಖಾನೆಯ ಹೆಸರು ಬರೆದುಕೊಳ್ಳಿ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಮನೆಯಲ್ಲಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ, ಹಳೆಯ ನಕ್ಷೆಗಳಿದ್ದರೆ ನಕಲು ಮಾಡಿಡಿ. ಎಲ್ಲವನ್ನೂ ದಿನಾಂಕ ಹಾಕಿ ಒಂದೆಡೆ ಸೇರಿಸಿ. ನಮ್ಮ ವ್ಯಾಗನ್ನುಗಳ ಮಾದರಿಯನ್ನು ಯಾರು ಯಾವಾಗ ಮಾಡಿದರೂ ಅವರಿಗೆ ಮೊದಲು ಬೇಕಾಗುವುದು ಈ ದಾಖಲೆಗಳೇ.